ಗೊಂಬೆಗೆ ಭಾಷೆಯಿಲ್ಲ

ಪುಣೆಯ ಮೆಡಿಕಲ್ ಕಾಲೇಜೊಂದರಲ್ಲಿ ನಾನು ಪಾಠ ಮಾಡುತ್ತೇನೆ. “ಈಗಿನ ಹುಡುಗರು ಗೊಂಬೆ ಮೇಲೆ ಡಾಕ್ಟರಿಕೆ ಕಲೀತಾರಂತೆ, ಹೌದಾ ಡಾಕ್ಟ್ರೇ?” ಎಂದು ಇಲ್ಲಿನ ಕನ್ನಡ ಬಳಗದವರು ಆಗಾಗ ಕೇಳುತ್ತಾರೆ. ಹೌದು, ಅದು ಒಳ್ಳೆಯದೇ.

ನಮ್ಮ ಕಾಲದಲ್ಲಿ ಸೂಜಿ ಹಿಡಿದ ಹೊಸ ಕೈಗೆ ಮೊದಲು ಸಿಗುತ್ತಿದ್ದುದು ಜನರಲ್ ವಾರ್ಡಿನ ಬಡವರ ತೋಳು. ನರ ಸಿಗದಿದ್ದರೆ ಮತ್ತೊಮ್ಮೆ ಚುಚ್ಚು. ಸ್ಪೆಷಲ್ ವಾರ್ಡಿನವರ ಮೇಲೆ ಯಾರೂ ಕಲಿಯುತ್ತಿರಲಿಲ್ಲ. 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮ ಸ್ಕಿಲ್ ಲ್ಯಾಬ್ ಕಡ್ಡಾಯ ಮಾಡಿದ ಮೇಲೆ ಆ ಮೊದಲ ತಪ್ಪುಗಳು ರಬ್ಬರ್ ತೋಳಿನ ಮೇಲೆ ಆಗುತ್ತಿವೆ. ಸಿಪಿಆರ್ ಗೊಂಬೆಯಂತೂ ಖಡಕ್ ಮೇಷ್ಟ್ರು. ಎದೆಯನ್ನು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಕಡಿಮೆಯಾದರೆ ಅದಕ್ಕೆ ಜೋಡಿಸಿದ ಪರದೆ ತಕ್ಷಣ ತೋರಿಸುತ್ತದೆ. ಹತ್ತು ಸಲ ತಪ್ಪಿದರೂ ಯಾರಿಗೂ ನೋವಿಲ್ಲ.

ಆದರೆ ನಮ್ಮ ಗೊಂಬೆಗೆ ಭಾಷೆಯಿಲ್ಲ. ಕಲಬುರಗಿಯಿಂದ ಇಲ್ಲಿಗೆ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಗಳು “ಎದಿ ಹಿಡಿದಂಗ ಆಗ್ತದರೀ” ಎಂದರೆ ಮರಾಠಿ ಹುಡುಗ ಏನು ಮಾಡಬೇಕು? ಇದಕ್ಕೂ ದಾರಿಯಿದೆ. ತರಬೇತಿ ಪಡೆದವರು ರೋಗಿಯ ಪಾತ್ರ ವಹಿಸುವ ಪದ್ಧತಿಯನ್ನು 1963ರಲ್ಲೇ ಅಮೆರಿಕದ ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಆರಂಭಿಸಿದರು. ಅದರಂತೆ ನಾನು ಕನ್ನಡ ಮಾತ್ರ ಬಲ್ಲ ರೋಗಿಯಾಗಿ ಮಲಗುತ್ತೇನೆ. ಜಾಣರು ದುಭಾಷಿಯನ್ನು ಹುಡುಕುತ್ತಾರೆ. ಕೆಲವರು ಅದೇ ಪ್ರಶ್ನೆಯನ್ನು ಮರಾಠಿಯಲ್ಲೇ ಇನ್ನಷ್ಟು ಜೋರಾಗಿ ಕೇಳುತ್ತಾರೆ. ಅವರಿಗೆ ಆ ದಿನ ಅಂಕವಿಲ್ಲ.

ಒಬ್ಬನೇ ರೋಗಿಯಾದರೆ ಹುಡುಗರಿಗೆ ಅಭ್ಯಾಸವಾಗಿಬಿಡುತ್ತದೆ. ಧಾರವಾಡ, ಮಂಗಳೂರು, ಮೈಸೂರು ಕಡೆಯ ಮಾತಿನ ‘ರೋಗಿಗಳು’ ಬೇಕಾಗಿದ್ದಾರೆ. ಸಂಬಳವಿಲ್ಲ, ಚಹಾ ಉಂಟು.