ಡಿಕ್ಕಿಯ ಬೀಗ ಮತ್ತು ಒಂದು ಗೇಣು ತಂತಿ

ಬೇಸಿಗೆಯಲ್ಲಿ ಕುರುಗೋಡಿನ ಬಂಡೆಗುಡ್ಡಗಳು ಸಂಜೆಯಾದರೂ ತಣಿಯುವುದಿಲ್ಲ. ಅವುಗಳ ಬುಡದಲ್ಲಿ ಬಿಸಿಲಿಗೆ ನಿಂತ ಕಾರಿನ ರಬ್ಬರು, ಪ್ಲಾಸ್ಟಿಕ್ಕುಗಳೂ ಹಾಗೆಯೇ ಬೇಯುತ್ತವೆ. ಹತ್ತು ವರ್ಷ ಹೀಗೆ ಬೆಂದ ಕಾರಿನ ಡಿಕ್ಕಿ ಒಂದು ದಿನ ಗುಂಡಿ ಒತ್ತಿದರೂ ತೆರೆಯುವುದಿಲ್ಲ. ಒಳಗೆ ಮೆಣಸಿನ ಹೊಲಕ್ಕೆ ಹೋಗಬೇಕಾದ ಬೀಜದ ಚೀಲ ಸಿಕ್ಕಿಕೊಂಡಿರುತ್ತದೆ. ದೊಡ್ಡ ಗ್ಯಾರೇಜಿಗೆ ಒಯ್ದರೆ ಬಹಳ ಸಲ ದೊರೆಯುವ ಉತ್ತರ ಒಂದೇ: 'ಲಾಕ್ ಹೋಗಿದೆ, ಪೂರ್ತಿ ಸೆಟ್ ಬದಲಿಸಬೇಕು.'

ಪರೀಕ್ಷೆಗೆ ಮುನ್ನವೇ ಈ ತೀರ್ಪು ಬರುತ್ತದೆ ಎಂಬುದೇ ಇಲ್ಲಿನ ಆಕ್ಷೇಪ. ಎಲೆ ಮುದುಡಿದ್ದು ನುಸಿಯಿಂದಲೋ ನೀರಿನ ಕೊರತೆಯಿಂದಲೋ ಎಂದು ನೋಡದೆ ಔಷಧ ಸಿಂಪಡಿಸುವ ಬೇಸಾಯಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಬೀಗದ ರೋಗ ಮೊದಲು ಕಿವಿಗೆ ತಿಳಿಯುತ್ತದೆ. ಗುಂಡಿ ಒತ್ತಿದಾಗ 'ಟಕ್' ಎಂದು ಸದ್ದು ಬಂದೂ ತೆರೆಯದಿದ್ದರೆ ಕೊಂಡಿಯಲ್ಲಿ ಧೂಳು ಕಚ್ಚಿದೆ, ಇಲ್ಲವೇ ಬ್ಯಾಟರಿ ಸೋತಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಗುಂಡಿ, ತಂತಿ, ಬೀಗದ ಮೋಟಾರು ಎಂಬ ಕ್ರಮದಲ್ಲಿ ಹುಡುಕಬೇಕು. ಬಾಗಿಲನ್ನು ಅಲುಗಿಸಿದಾಗ ಒಮ್ಮೆ ಕೆಲಸ ಮಾಡಿ ಮತ್ತೊಮ್ಮೆ ಸುಮ್ಮನಾದರೆ, ನಂಬರ್ ಪ್ಲೇಟಿನ ದೀಪವೂ ಜೊತೆಗೆ ಆರಿದರೆ, ದೋಷ ಬಹುಮಟ್ಟಿಗೆ ಬೀಗದಲ್ಲಿಲ್ಲ. ಕಾರಿನ ಮೈಯಿಂದ ಬಾಗಿಲಿಗೆ ತಂತಿಗಳು ಹಾಯುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯಲ್ಲಿ ಅದು ಅಡಗಿರುತ್ತದೆ. ದಿನಕ್ಕೆ 5 ಬಾರಿ ಬಾಗಿಲು ತೆರೆದರೂ 10 ವರ್ಷಗಳಲ್ಲಿ ಆ ತಂತಿಗಳು 18,000ಕ್ಕೂ ಹೆಚ್ಚು ಬಾರಿ ಬಾಗಿ ನೆಟ್ಟಗಾಗುತ್ತವೆ. ಬಿಸಿಲಿಗೆ ಗಡುಸಾದ ಹೊದಿಕೆ ಮೊದಲು ಬಿರಿಯುತ್ತದೆ, ಬಳಿಕ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ.

ಇಲ್ಲಿ ಮಲ್ಟಿಮೀಟರ್ ಕೂಡ ದಾರಿ ತಪ್ಪಿಸಬಲ್ಲದು. ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಆದರೆ ಮೋಟಾರು ಬೇಡುವ ವಿದ್ಯುತ್ತನ್ನು ಆ ಎಳೆ ಹೊರಲಾರದು. ಮೋಟಾರಿನ ತಂತಿಗೆ ಬ್ರೇಕ್ ದೀಪದ 21 ವ್ಯಾಟ್ ಬಲ್ಬ್ ಹಚ್ಚಿದರೆ ನಿಜ ಹೊರಬೀಳುತ್ತದೆ: ಬಲ್ಬು ಮಂಕಾಗುತ್ತದೆ ಅಥವಾ ಉರಿಯುವುದೇ ಇಲ್ಲ. (ಗಣಕ ನಿಯಂತ್ರಣ ಪೆಟ್ಟಿಗೆಗೆ ಹೋಗುವ ಸಣ್ಣ ಸಂಕೇತ ತಂತಿಗಳಿಗೆ ಈ ಪ್ರಯೋಗ ಸಲ್ಲದು, ಅಲ್ಲಿ ಮೀಟರೇ ಸರಿ.)

ಚಿಕಿತ್ಸೆಗೆ ಬೇಕಾದದ್ದು ಅಷ್ಟೇ ದಪ್ಪದ, ಹಲವು ಎಳೆಗಳ, ಬಳುಕುವ ಒಂದು ಗೇಣು ತಂತಿ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು. ಬೆಸುಗೆ ಬಾಗುವ ಜಾಗದ ಆಚೀಚೆ ಬರಬೇಕು. ಬೆಸೆದ ತಂತಿ ಬಿಗಿಯಾಗುವುದರಿಂದ ಬಾಗಿದರೆ ಅಲ್ಲೇ ಮತ್ತೆ ಮುರಿಯುತ್ತದೆ. ಬರೀ ಟೇಪು ಸುತ್ತಿದರೆ ಬಳ್ಳಾರಿಯ ಬಿಸಿಲಿಗೆ ಅದರ ಅಂಟು ಕರಗಿ ಜಾರುತ್ತದೆ, ಕಾಯಿಸಿದಾಗ ಕುಗ್ಗುವ ಕೊಳವೆಯೇ ಮೇಲು. ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ಚಾಳಿಯಂತೂ ಕಾರನ್ನೇ ಸುಡಬಲ್ಲದು.

ಒಂದು ಬೀಗ ಉಳಿಸಿದರೆ ಒಂದು ಗುಡ್ಡ ಉಳಿಯುತ್ತದೆಂಬ ಲೆಕ್ಕ ಸುಳ್ಳು. ಆದರೂ ಬದಲಿಸುವ ಬೀಗದ ಲೋಹವೆಲ್ಲ ಎಲ್ಲೋ ಅಗೆದು ತಂದದ್ದೇ. ಸಂಡೂರಿನ ಬೆಟ್ಟಗಳಿಗೆ ಏನಾಯಿತೆಂಬುದು ಈ ಸೀಮೆಗೆ ತಿಳಿದಿದೆ. ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ತಡೆಯಬೇಕಾಯಿತು. ಸೆಟ್ಟನ್ನೇ ಎಸೆಯುವ ಅಭ್ಯಾಸ ಡಿಕ್ಕಿಗೆ ನಿಲ್ಲದೆ ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಟ್ರ್ಯಾಕ್ಟರಿಗೂ ಹಬ್ಬುತ್ತದೆ.

ಅಜಾಗರೂಕ ಕೈ ಹೊಸ ಕಾರಿನ ಗಣಕ ಪೆಟ್ಟಿಗೆಯನ್ನು ಸುಡಬಹುದೆಂಬ ತಯಾರಕರ ವಾದ ಅರ್ಧ ನಿಜ. ಹಾಗಿದ್ದರೆ ತಂತಿಗಳ ನಕ್ಷೆಯನ್ನು ಊರಿನ ಎಲೆಕ್ಟ್ರಿಷಿಯನ್‌ನಿಂದ ಮುಚ್ಚಿಡುವುದೇಕೆ? ಬಿಡಿಭಾಗ, ಪರೀಕ್ಷಾ ಸಾಧನ, ಮಾಹಿತಿಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಮುಕ್ತವಾಗಿ ಒದಗಿಸಲಿಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಪ್ರಕರಣ ಮೇಲ್ಮನವಿಗಳಿಗೆ ಸಿಲುಕಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ಕೃಷಿ ಯಂತ್ರಗಳನ್ನೂ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು. ಜಾಲತಾಣದಿಂದ ಡಿಕ್ಕಿ ತೆರೆಯುವುದಿಲ್ಲ. ಬೀಗದ ಮೋಟಾರನ್ನು ಬಿಡಿಯಾಗಿ ಮಾರಬೇಕು. ತಂತಿಗಳ ನಕ್ಷೆ ಕನ್ನಡದಲ್ಲಿ ಅಚ್ಚಾಗಿ ಐಟಿಐ ವಿದ್ಯಾರ್ಥಿಗಳ ಕೈಸೇರಬೇಕು. ಅಲ್ಲಿಯವರೆಗೆ ಗ್ಯಾರೇಜಿಗೆ ಹೋದವರು ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಕೊಳವೆ ಬಿಚ್ಚಿ ತಂತಿ ನೋಡಿದಿರಾ?'