ಪ್ರಶ್ನಿಸುವವರಿಲ್ಲದ ಆಯವ್ಯಯ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ಹೋಳಾಗುವವರೆಗೂ ಚುನಾವಣೆ ನಡೆಯಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂಬ ಸಂವಿಧಾನದ 243-ಯು ವಿಧಿ ಕಡತದಲ್ಲೇ ಉಳಿಯಿತು. ವಾರ್ಡ್ ವಿಂಗಡಣೆ, ಮೀಸಲಾತಿಯ ನೆಪಗಳು ಬಿಜೆಪಿ, ಕಾಂಗ್ರೆಸ್ ಎರಡೂ ಸರ್ಕಾರಗಳಿಗೆ ಒದಗಿಬಂದವು. ಈ ನಡುವೆ ಆಡಳಿತಾಧಿಕಾರಿಗಳೇ ಐದು ಆಯವ್ಯಯಗಳಿಗೆ ಒಪ್ಪಿಗೆಯಿತ್ತರು. ಕೊನೆಯದರ ಗಾತ್ರ ಸುಮಾರು 20 ಸಾವಿರ ಕೋಟಿ ರೂಪಾಯಿ.

ಅಧಿಕಾರಿಯಾಗಿದ್ದ ನಾನು ಅಧಿಕಾರಿಗಳ ಸಾಮರ್ಥ್ಯವನ್ನು ಅಲ್ಲಗಳೆಯಲಾರೆ. ಆದರೆ ಅಧಿಕಾರಿ ಉತ್ತರ ಹೇಳಬೇಕಾದುದು ತನ್ನನ್ನು ವರ್ಗಾಯಿಸಬಲ್ಲ ಸರ್ಕಾರಕ್ಕೇ ಹೊರತು ತೆರಿಗೆ ಕಟ್ಟುವ ಬಡಾವಣೆಗಲ್ಲ. ಕಾರ್ಪೊರೇಟರ್ ಪರಿಪೂರ್ಣನಲ್ಲ, ನಿಜ. ಅವನನ್ನಾದರೂ ಮತದಾರ ಮನೆಗೆ ಕಳುಹಿಸಬಹುದು.

ಚುನಾಯಿತ ಸಭೆ ಇಲ್ಲದಿರುವಾಗ ಹೊಸ ಬೃಹತ್ ಕಾಮಗಾರಿಗಳಿಗೆ ಹಣ ಮಂಜೂರು ಮಾಡಬಾರದೆಂದು ಕಾನೂನಾಗಲಿ. ಆಗ ಚುನಾವಣೆಗೆ ಸರ್ಕಾರವೇ ಅವಸರಪಡುತ್ತದೆ.