ಮನೆಯೊಳಗಿನ ಚೌರ್ಯ

ಊರಿನಲ್ಲಿ ಕಳ್ಳರ ಸುದ್ದಿ ಹಬ್ಬಿದರೆ ನಾವು ಕಿಟಕಿಗಳಿಗೆ ಕಬ್ಬಿಣದ ಸರಳು ಹಾಕಿಸುತ್ತೇವೆ. ಬಸದಿಯ ಭಂಡಾರಕ್ಕೆ ಕಾವಲುಗಾರನನ್ನು ನೇಮಿಸುತ್ತೇವೆ. ಆದರೆ ವೃದ್ಧರ ಸರ್ವಸ್ವವನ್ನೂ ಒಯ್ಯುವವನಿಗೆ ಕಿಟಕಿಯ ಅಗತ್ಯವೇ ಇಲ್ಲ. ಅವನು ಹಗಲಿನಲ್ಲಿ ಮುಂಬಾಗಿಲಿನಿಂದಲೇ ಬರುತ್ತಾನೆ. ‘ಅಮ್ಮಾ, ಇಲ್ಲೊಂದು ಸಹಿ ಹಾಕು’ ಎನ್ನುತ್ತಾನೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಆಕೆಯನ್ನು ಕೈಹಿಡಿದು ಆಟೋದಿಂದ ಇಳಿಸುವವನೂ ಅವನೇ.

ಇಂಥ ಮಾತನ್ನು ಎತ್ತಿದಾಗಲೆಲ್ಲ ‘ಅದು ಅವರ ಮನೆಯ ವಿಷಯ’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ನಾನು ಬಲ್ಲ ಒಬ್ಬ ವೃದ್ಧ ಮಾತೆ ಪತಿಯ ಕಾಲಾನಂತರ, ತಮ್ಮ ಹೆಸರಿನಲ್ಲಿದ್ದ ಮನೆಯನ್ನು ಮಗನಿಗೆ ದಾನಪತ್ರದ ಮೂಲಕ ಬರೆದುಕೊಟ್ಟರು. ವರ್ಷ ತುಂಬುವುದರೊಳಗೆ ಅವರ ಹಾಸಿಗೆ ನಡುಮನೆಯಿಂದ ಹಿತ್ತಿಲ ಕೋಣೆಗೆ ಹೋಯಿತು. ಪಿಂಚಣಿಯ ಪಾಸ್‌ಪುಸ್ತಕ ಮಗನ ಬೀರು ಸೇರಿತು. ಕಣ್ಣಿನ ಶಸ್ತ್ರಚಿಕಿತ್ಸೆ ‘ಮುಂದಿನ ವರ್ಷ’ಕ್ಕೆ ಹೋಯಿತು. ಅದೇ ಮಗ ಮಹಾಭಿಷೇಕದಲ್ಲಿ ಕಲಶಕ್ಕೆ ದೊಡ್ಡ ಮೊತ್ತ ಕೊಟ್ಟಾಗ ನಾವು ಅವನಿಗೆ ಶಾಲು ಹೊದಿಸಿದೆವು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆ ತಾಯಿ ಅಂದು ಬಸದಿಗೆ ಏಕೆ ಬರಲಿಲ್ಲವೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಇದನ್ನು ನಮ್ಮ ಆಚಾರ್ಯರು ಮನೆಯ ವಿಷಯವೆಂದು ಬಿಟ್ಟಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ಎಣಿಸುತ್ತದೆ. ಆಶ್ರಿತ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ಕೊಡದಿರುವುದೂ ಹಿಂಸೆಯ ಮಾರ್ಗವೇ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳುಪತ್ರ ಸೃಷ್ಟಿಸುವುದು, ಮತ್ತು ನ್ಯಾಸಾಪಹಾರ ಇವೆ. ನ್ಯಾಸಾಪಹಾರಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಅರ್ಥವನ್ನು ಗಮನಿಸಬೇಕು: ಹಣ ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದುಬಿಡುವುದು. ಮರೆವಿನ ವೃದ್ಧರಿರುವ ಮನೆಯಲ್ಲಿ ಈ ಪಾಪ ಎಷ್ಟು ಸುಲಭ! ರಾತ್ರಿಭೋಜನವನ್ನು ತ್ಯಜಿಸಿ, ನೀರನ್ನು ಸೋಸಿ ಕುಡಿಯುವ ಕೈಯೇ ತಾಯಿಯ ಪಾಸ್‌ಪುಸ್ತಕವನ್ನು ಬಚ್ಚಿಟ್ಟರೆ, ಆ ವ್ರತದಲ್ಲಿ ಉಳಿಯುವುದೇನು?

‘ವೃದ್ಧರನ್ನು ನೋಡಿಕೊಳ್ಳುವ ಕಷ್ಟ ನಿಮಗೇನು ಗೊತ್ತು?’ ಎಂದು ಕೆಲವರು ಕೇಳಬಹುದು. ಕಷ್ಟ ನಿಜ. ಮರೆವಿನ ರೋಗ ಬಂದವರ ಶುಶ್ರೂಷೆಯಲ್ಲಿ ಸೊಸೆಯೋ ಮಗಳೋ ಸವೆದುಹೋಗುವುದನ್ನು ಕಂಡಿದ್ದೇನೆ. ಆ ಭಾರವನ್ನು ಹಂಚಿಕೊಳ್ಳುವುದು ಸಮಾಜದ ಕರ್ತವ್ಯ. ಆದರೆ ಆ ಕಷ್ಟವು ಕೈಯೆತ್ತುವ ಹಕ್ಕನ್ನಾಗಲಿ, ಅವರಿಗೆ ತಿಳಿಯದಂತೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹಕ್ಕನ್ನಾಗಲಿ ಕೊಡುವುದಿಲ್ಲ.

ಕಾನೂನು ಏನು ಹೇಳುತ್ತದೆ? ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆ 2007ರಲ್ಲಿ ಬಂತು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ವೃದ್ಧರು ಸ್ವತಃ ಅರ್ಜಿ ಸಲ್ಲಿಸಬಹುದು. ಅಶಕ್ತರಾದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ನೋಂದಾಯಿತ ಸ್ವಯಂಸೇವಾ ಸಂಸ್ಥೆ ಸಲ್ಲಿಸಬಹುದು. ವೃದ್ಧರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. 23ನೆಯ ಕಲಮಿನಂತೆ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಷರತ್ತು ಮುರಿದಾಗ ಅನೂರ್ಜಿತಗೊಳಿಸಬಹುದು. ಆದರೆ ಆ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ, ಈ ಕಾಯಿದೆಯನ್ನು ವೃದ್ಧರ ಹಿತಕ್ಕೆ ಅನುಕೂಲವಾಗಿ ಅರ್ಥೈಸಬೇಕೆಂದು ಹೇಳಿ, ಮಗನಿಗೆ ಮಾಡಿದ ದಾನಪತ್ರವನ್ನು ರದ್ದುಪಡಿಸಿತು. ಆದುದರಿಂದ ಹಿರಿಯರಲ್ಲಿ ನನ್ನ ವಿನಂತಿ: ಅವಸರದಿಂದ ದಾನಪತ್ರ ಬರೆಯಬೇಡಿ. ಉಯಿಲನ್ನು ಬದುಕಿರುವವರೆಗೆ ಬದಲಿಸಬಹುದು. ನೋಂದಣಿಯಾದ ದಾನವನ್ನು ಮನಬಂದಂತೆ ಹಿಂಪಡೆಯಲಾಗದು. ಕೊಡಲೇಬೇಕಾದರೆ ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ಬರೆಸಿರಿ. ಇದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ಮಗನಿಗೆ ಆ ಷರತ್ತಿನಿಂದ ನಷ್ಟವೇನೂ ಇಲ್ಲ.

ಹೊರಗಿನ ವಂಚಕರ ಮಾತಿಗೆ ಬರೋಣ. ಪೊಲೀಸರ ವೇಷ ತೊಟ್ಟವನು ವಿಡಿಯೋ ಕರೆ ಮಾಡಿ, ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ’ ಎಂದು ಬೆದರಿಸುತ್ತಾನೆ. ಕೋಣೆ ಬಿಟ್ಟು ಕದಲದಂತೆ, ಯಾರಿಗೂ ಹೇಳದಂತೆ ಆಜ್ಞಾಪಿಸಿ, ಜೀವಮಾನದ ಠೇವಣಿಯನ್ನು ತನ್ನ ಖಾತೆಗೆ ಹಾಕಿಸಿಕೊಳ್ಳುತ್ತಾನೆ. ಇಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಇದನ್ನು ಸ್ಪಷ್ಟಪಡಿಸಿದರು. ಹಣ ಕಳೆದುಕೊಂಡವರನ್ನು ‘ದುರಾಸೆಗೆ ಬಿದ್ದರು’ ಎಂದು ಜರೆಯುವುದು ನಮ್ಮ ಮತ್ತೊಂದು ಕ್ರೌರ್ಯ. ಇಲ್ಲಿ ಕೆಲಸ ಮಾಡಿದ್ದು ಆಸೆಯಲ್ಲ, ಭಯ. ಮಕ್ಕಳು ಬೈಯುವರೆಂಬ ಅಂಜಿಕೆಯಿಂದ ಅವರು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ಕೂಡಲೇ 1930 ಸಂಖ್ಯೆಗೆ ದೂರು ಕೊಟ್ಟರೆ ಅದನ್ನು ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತದೆ. ಗದರಿಸದೆ ಕೇಳುವ ಒಬ್ಬರು ಮನೆಯಲ್ಲಿದ್ದರೆ ವಂಚಕನ ಅರ್ಧ ಬಲ ಅಲ್ಲಿಯೇ ಕುಗ್ಗುತ್ತದೆ.

ಬಸದಿಗಳ ಟ್ರಸ್ಟ್ ಮಂಡಳಿಗಳಿಗೆ ನನ್ನ ಮಾತು ನೇರವಾದುದು. ಬಿಂಬಕ್ಕೆ ಬೆಳ್ಳಿಯ ಪ್ರಭಾವಳಿ ಮಾಡಿಸುವಾಗ ದಾನಿಗಳ ಪಟ್ಟಿ ಬರೆಯುವಿರಿ. ಊರಿನಲ್ಲಿ ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನೂ ಬರೆಯಿರಿ. ಅಷ್ಟಮಿ, ಚತುರ್ದಶಿಗಳಂದು ಇಬ್ಬರು ಅವರ ಮನೆಗೆ ಹೋಗಿ, ಮಕ್ಕಳ ಎದುರಿನಲ್ಲಿ ಅಲ್ಲ, ಏಕಾಂತದಲ್ಲಿ ಕ್ಷೇಮ ವಿಚಾರಿಸಲಿ. ಅರ್ಜಿ ಬರೆದುಕೊಡಬಲ್ಲ ಒಬ್ಬ ವಕೀಲರನ್ನು ಗೊತ್ತುಮಾಡಿರಿ. ಹಿರಿಯರ ಸಹಾಯವಾಣಿ 14567 ಮತ್ತು 1930 ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬಸದಿಯ ಸೂಚನಾ ಫಲಕದಲ್ಲಿ ಬರೆಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ತಾಯಿಯನ್ನು ಹಿತ್ತಿಲಿಗೆ ತಳ್ಳಿದವನೆಂದು ತಿಳಿದೂ ಅವನ ಕಾಣಿಕೆಗೆ ಕೈಯೊಡ್ಡಬೇಡಿರಿ. ಕದ್ದು ತಂದುದನ್ನು ತಿಳಿದು ಸ್ವೀಕರಿಸುವುದೂ ಅಚೌರ್ಯವ್ರತದ ಅತಿಚಾರವೆಂದು ಅದೇ ಸೂತ್ರಗ್ರಂಥ ಹೇಳುತ್ತದೆ. ಅದರಿಂದ ಟ್ರಸ್ಟಿಗೆ ವಿನಾಯಿತಿ ಇಲ್ಲ.

ಪ್ರತಿ ವರ್ಷ ಕ್ಷಮಾವಣಿಯ ದಿನ ನಾವು ಊರವರಿಗೆಲ್ಲ ಕೈಮುಗಿದು ಕ್ಷಮೆ ಬೇಡುತ್ತೇವೆ. ಬರುವ ವರ್ಷ ಆ ಕ್ಷಮೆಯನ್ನು ಹಿತ್ತಿಲ ಕೋಣೆಯಿಂದ ಆರಂಭಿಸೋಣ. ಪಾಸ್‌ಪುಸ್ತಕವನ್ನೂ ಬೀಗದ ಕೈಯನ್ನೂ ಹಿಂದಿರುಗಿಸಿ, ಆಮೇಲೆ ಕೈಮುಗಿಯೋಣ.